ಮರಾಠಿಯ ಭಂಗಾರ ಕನ್ನಡದ ಬಂಗಾರ ಆಗಬೇಕಾದರೆ...

ಹೋದ ಸುಗ್ಗಿಯಲ್ಲಿ ನಮ್ಮ ಮನೆಗೆ ಹೊಸ ಸೊಸೆ ಬಂದಳು. ತೆಲುಗು ಸೀಮೆಯ ಹುಡುಗಿ. ಬಂದ ಎರಡನೆಯ ದಿನವೇ ನಮ್ಮ ಓಣಿಯಲ್ಲಿ ತಳ್ಳುಗಾಡಿಯವನು ‘ಭಂಗಾರ... ಭಂಗಾರ...’ ಎಂದು ಕೂಗುತ್ತ ಹೋದ. ಅವಳು ಬಾಗಿಲಿಗೆ ಓಡಿಬಂದು, ‘ಮಾಮಯ್ಯಾ, ಇಕ್ಕಡ ಬಂಗಾರಂ ಬಂಡಿ ಮೀದ ಅಮ್ಮುತಾರಾ?’ ಅಂದಳು. ಇಲ್ಲಿ ಬಂಗಾರವನ್ನು ಗಾಡಿಯ ಮ್ಯಾಲೆ ಇಟ್ಟು ಮಾರ್ತಾರೇನು ಅಂತ ಅವಳ ಪ್ರಶ್ನೆ. ಮನೆಮಂದಿಯೆಲ್ಲ ನಕ್ಕೆವು. ‘ಅಂವ ಮಾರಾಂವ ಅಲ್ಲವ್ವಾ, ಕೊಳ್ಳಾಂವ. ಮರಾಠಿಯೊಳಗ ಭಂಗಾರ ಅಂದರ ಮೋಡಕಾ ಸಾಮಾನು’ ಅಂತ ತಿಳಿಸಿ ಹೇಳಿದೆ.

ಮನೆಯಲ್ಲಿ ತೆಲುಗು, ಓಣಿಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡುವ ನಮ್ಮಂಥ ಗಡಿಯವರಿಗೆ ಇಂಥ ನಗೆಚಾಟಿಕೆ ಹೊಸದಲ್ಲ. ತೆಲುಗಿನಲ್ಲೂ ಕನ್ನಡದಲ್ಲೂ ಕೊರಳಿಗೆ ಹಾಕುವ ಮಾತು, ಮರಾಠಿಯಲ್ಲಿ ಮನೆಯಿಂದ ಹೊರಗೆ ಹಾಕುವ ಮಾತು. ಆದರೆ ಆ ದಿನ ಸೊಸೆಗೆ ಹೇಳಿದ ಮಾತೇ ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಅಂವ ಕೊಳ್ಳಾಂವ. ಬಾಗಿಲಿಗೆ ಕೊಳ್ಳುವವನು ಬಂದರೆ ಭಂಗಾರ ಬಂಗಾರ ಆಗುತ್ತದೆ. ಬರದಿದ್ದರೆ ಅದು ತಿಪ್ಪೆಯೇ ಸೈ.

ತಳ್ಳುಗಾಡಿಯವನಿಗೆ ಹಳೇ ಕಬ್ಬಿಣ ಬೇಕು, ತಾಮ್ರ ಬೇಕು, ರಟ್ಟು ಬೇಕು, ಗಟ್ಟಿ ಪ್ಲಾಸ್ಟಿಕ್ ಬೇಕು. ಚಿಂದಿ ಅರಿವೆ ತೋರಿಸಿ, ‘ಬ್ಯಾಡ್ರಿ’ ಅಂತಾನ. ಒಡೆದ ಗಾಜು, ಗುಟ್ಕಾ ಚೀಟಿ, ಹೊಲದಾಗಿನ ಮಲ್ಚಿಂಗ್ ಹಾಳೆ ತೋರಿಸಿ, ‘ಬ್ಯಾಡೇ ಬ್ಯಾಡ್ರಿ’ ಅಂತಾನ. ಅವನ ಮೇಲೆ ಸಿಟ್ಟು ಮಾಡಿ ಉಪಯೋಗವಿಲ್ಲ. ಅವನ ಹಿಂದೆ ದುಕಾನದವನು, ದುಕಾನದವನ ಹಿಂದೆ ಕಾರಖಾನೆಯವನು. ಕಾರಖಾನೆಯವನು ಕೊಳ್ಳದ ಮಾಲನ್ನು ಗಾಡಿಯವನು ಕೊಂಡು ಎಲ್ಲಿ ಒಯ್ಯಬೇಕು?

ಇಪ್ಪತ್ತು ವರ್ಷದಿಂದ ಎರಡೂ ರಾಜ್ಯದ ಸರಕಾರಗಳು ನಮಗೆ ಹೇಳುತ್ತ ಬಂದದ್ದು ಒಂದೇ ಮಾತು: ಕಸ ಬೇರೆ ಮಾಡಿರಿ, ಹಸಿ ಒಂದು ಬುಟ್ಟಿ, ಒಣ ಒಂದು ಬುಟ್ಟಿ. ಒಳ್ಳೆಯ ಮಾತೇ. ಆದರೆ ಇದು ರೈತನಿಗೆ ‘ಹೆಚ್ಚು ಬೆಳಿ, ಹೆಚ್ಚು ಬೆಳಿ’ ಎಂದು ಹೇಳಿ ಪ್ಯಾಟಿಯನ್ನೇ ಕಟ್ಟದೆ ಇದ್ದಂತೆ. ಮಾಲು ತೆಗೆಯುವುದು ಅರ್ಧ ಕೆಲಸ. ಕೊಳ್ಳುವವನನ್ನು ನಿಲ್ಲಿಸುವುದು ಉಳಿದರ್ಧ. ಆ ಉಳಿದರ್ಧದಲ್ಲಿ ರಾಜ್ಯ ಸರಕಾರ ಏನು ಮಾಡಬಹುದು ಎಂಬುದೇ ಈ ಲೇಖನದ ವಿಷಯ.

ಕೊಲ್ಲಾಪುರ ಜಿಲ್ಲೆಯ ಕಸದ ಕತೆ ಕರ್ನಾಟಕದ ಪತ್ರಿಕೆಗೆ ಯಾಕೆ ಎಂದು ಯಾರಾದರೂ ಕೇಳಬಹುದು. ಪಂಚಗಂಗೆ ಕೊಲ್ಲಾಪುರ, ಇಚಲಕರಂಜಿ ದಾಟಿ ನರಸೋಬವಾಡಿಯಲ್ಲಿ ಕೃಷ್ಣೆಗೆ ಕೂಡುತ್ತದೆ. ಅಲ್ಲಿಂದ ಆ ನೀರು ನೇರ ನಮ್ಮ ಬೆಳಗಾವಿ ಜಿಲ್ಲೆಗೆ. ಹಿರಣ್ಯಕೇಶಿ ಗಡಹಿಂಗ್ಲಜ ದಾಟಿದ ಮೇಲೆ ಸಂಕೇಶ್ವರ. 2019ರ ಆಗಸ್ಟಿನಲ್ಲಿ, 2021ರ ಜುಲೈಯಲ್ಲಿ ಮಹಾಪೂರ ಬಂದಾಗ ಅಲ್ಲಿಯ ಹಾಸಿಗೆ, ಪ್ಲಾಸ್ಟಿಕ್, ಚಿಂದಿಯೆಲ್ಲ ಇಲ್ಲಿಯ ಹೊಲಗಳ ಬದುವಿಗೆ ಹತ್ತಿಕೊಂಡಿತ್ತು. 2012ರಲ್ಲಿ ಇಚಲಕರಂಜಿಯಲ್ಲಿ ಕೆಟ್ಟ ನೀರಿನಿಂದ ಕಾಮಾಲೆ ಹಬ್ಬಿ ಜನ ಸತ್ತದ್ದನ್ನು ಈ ಭಾಗದವರು ಮರೆತಿಲ್ಲ. ಕೊಳ್ಳುವವರಿಲ್ಲದ ಮಾಲು ಕಡೆಗೆ ಸೇರುವುದು ನಾಲೆಗೆ, ನಾಲೆಯಿಂದ ಹೊಳೆಗೆ. ಹೊಳೆಗೆ ಮಹಾಜನ ವರದಿಯೂ ಇಲ್ಲ, ಗಡಿಯೂ ಇಲ್ಲ.

ಕೊಲ್ಲಾಪುರದ ಕಬ್ಬಿಣ ಹೇಳುವ ಪಾಠ

ಮೊದಲು ಚೆನ್ನಾಗಿ ನಡೆದಿರುವ ಪ್ಯಾಟಿಯನ್ನು ನೋಡೋಣ. ಹಳೇ ಕಬ್ಬಿಣವನ್ನು ಆರಿಸಿ ಕೊಡಿರಿ ಎಂದು ಯಾವ ಸರಕಾರವೂ ನಮಗೆ ಭಾಷಣ ಮಾಡಬೇಕಾಗಿಲ್ಲ. ಮುರಿದ ಕುಂಟಿಯ ತಾಳು, ಸವೆದ ನೇಗಿಲ ಕುಳ, ಹಳೇ ಪಂಪಿನ ಕವಚ, ಒಂದನ್ನೂ ಯಾರೂ ರಸ್ತೆಗೆ ಎಸೆಯುವುದಿಲ್ಲ. ಕಾರಣ ಶಿರೋಳಿ, ಗೋಕುಳ ಶಿರಗಾಂವ, ಕಾಗಲ-ಹಾತಕಣಂಗಲೆ ಔದ್ಯೋಗಿಕ ವಸಾಹತುಗಳ ಫೌಂಡ್ರಿಗಳು. ಕಬ್ಬಿನ ಗಾಣ, ಎಣ್ಣೆ ಇಂಜಿನ್ನುಗಳ ಕಾಲದಿಂದ ಕೊಲ್ಲಾಪುರದಲ್ಲಿ ಎರಕದ ಕೆಲಸ ಬೇರೂರಿತು. ಇಂದು ಮೋಟಾರು ಗಾಡಿ, ಟ್ರ್ಯಾಕ್ಟರುಗಳ ಬಿಡಿಭಾಗ ಅಲ್ಲಿ ಎರಕವಾಗುತ್ತವೆ. ಬೆಳಗಾವಿಯ ಉದ್ಯಮಬಾಗದಲ್ಲೂ ಇದೇ ಕಸುಬು. ಕುಲುಮೆ ಹತ್ತಿರವಿದೆ, ಅದರ ಹೊಟ್ಟೆಗೆ ದಿನಾ ಮಾಲು ಬೇಕು. ಆದ್ದರಿಂದ ಗಡಹಿಂಗ್ಲಜದ ಓಣಿಯ ತನಕ ತಳ್ಳುಗಾಡಿ ಬರುತ್ತದೆ.

ಇದರಿಂದ ಕಲಿಯಬೇಕಾದ ಪಾಠ ಮೂರು. ಕೊಳ್ಳುವವನು ಹತ್ತಿರ ಇರಬೇಕು. ಅವನಿಗೆ ವರ್ಷವಿಡೀ ಮಾಲು ಬೇಕಾಗಿರಬೇಕು. ಮಾಲಿನ ಗುಣ ಇಂಥದ್ದು ಎಂದು ಇಬ್ಬರಿಗೂ ತಿಳಿದಿರಬೇಕು. ಬೀಡು ಎಂದರೆ ಬೀಡು, ಪತ್ರಾ ಎಂದರೆ ಪತ್ರಾ, ಅದರಲ್ಲಿ ತಕರಾರಿಲ್ಲ. ಈ ಮೂರು ಇದ್ದಲ್ಲಿ ಸರಕಾರ ದೂರ ನಿಂತರೂ ನಡೆಯುತ್ತದೆ.

ಆದರೆ ಅದೇ ಫೌಂಡ್ರಿಯ ಹಿತ್ತಲಿಗೆ ಹೋಗಿ ನೋಡಿರಿ, ಸುಟ್ಟ ಉಸುಕಿನ ಗುಡ್ಡೆ. ಎರಕದ ಅಚ್ಚಿಗೆ ಬಳಸಿದ ಉಸುಕು ಮತ್ತೆ ಮತ್ತೆ ಬಳಸಿ ಕಡೆಗೊಮ್ಮೆ ಹೊರಗೆ ಬೀಳುತ್ತದೆ. ಕೊಲ್ಲಾಪುರ, ಬೆಳಗಾವಿ ಎರಡೂ ಕಡೆ ಉದ್ಯಮಿಗಳು ಕೂಡಿ ಕ್ಲಸ್ಟರ್ ಕಟ್ಟಿಕೊಂಡು ಉಸುಕನ್ನು ಶುದ್ಧ ಮಾಡಿ ತಿರುಗಿ ಬಳಸುವ ಯಂತ್ರಗಳನ್ನು ಹಾಕಿದ್ದಾರೆ. ಅಷ್ಟಾದರೂ ಉಳಿಯುವ ಉಸುಕನ್ನು ಇಟ್ಟಿಗೆಗೆ, ಪೇವರ್ ಬ್ಲಾಕಿಗೆ ಬಳಸಲು ಬರುತ್ತದೆ. ಇಲ್ಲಿ ಕೊಳ್ಳುವವನು ಯಾರು? ಊರಿನ ರಸ್ತೆ, ಗಟಾರ, ಶಾಲೆ ಕಟ್ಟುವ ಸರಕಾರವೇ ದೊಡ್ಡ ಗಿರಾಕಿ. ಅಂದರೆ ಕಬ್ಬಿಣಕ್ಕೆ ಕಾರಖಾನೆ ಹೇಗೋ, ಇಂಥ ಮಾಲಿಗೆ ಸರಕಾರ ಹಾಗೆ.

ಇಚಲಕರಂಜಿಯ ಚಿಂದಿ

ಈಗ ಇಚಲಕರಂಜಿಗೆ ಬರೋಣ. 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ವಿದ್ಯುತ್ ಮಗ್ಗ ಹಾಕಿದ ಊರು ಅದು. ಜಹಗೀರದಾರ ನಾರಾಯಣರಾವ ಬಾಬಾಸಾಹೇಬ ಘೋರ್ಪಡೆಯವರ ಒತ್ತಾಸೆ ಅದಕ್ಕಿತ್ತು. ಇಂದು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂದು ಹೆಸರು. 2022ರಲ್ಲಿ ಮಹಾನಗರ ಪಾಲಿಕೆ ಆಯಿತು. ಗಡಿಯ ಈ ಕಡೆ ಮಾನಕಾಪುರದಂಥ ನಮ್ಮ ಊರುಗಳಲ್ಲೂ ಅದೇ ಪ್ಯಾಟಿಯನ್ನು ನಂಬಿ ಮಗ್ಗ ಸದ್ದು ಮಾಡುತ್ತವೆ.

ಮಗ್ಗ ಇದ್ದಲ್ಲಿ ಚಿಂದಿ ಇದ್ದೇ ಇರುತ್ತದೆ. ಹರಿದ ನೂಲು, ಅಂಚಿನ ಪಟ್ಟಿ, ಬಣ್ಣ ಕೆಟ್ಟ ತುಂಡು, ಹೊಲಿಗೆ ಕಾರಖಾನೆಯ ಕತ್ತರಿ ಚೂರು. ಇದರಲ್ಲಿ ಹತ್ತಿಯ ನೂಲಿನ ಗಂಟು ಯಂತ್ರ ಒರೆಸಲು ಗ್ಯಾರೇಜುಗಳಿಗೆ ಹೋಗುತ್ತದೆ. ಒಳ್ಳೆಯ ಹತ್ತಿ ಚೂರನ್ನು ಬಣ್ಣ ಬಣ್ಣ ಬೇರೆ ಮಾಡಿ ಗಂಟು ಕಟ್ಟಿದರೆ ದೂರದ ಗಿರಾಕಿ ಸಿಗುತ್ತಾನೆ. ಉತ್ತರಕ್ಕೆ ಹರಿಯಾಣದ ಪಾಣಿಪತ, ದಕ್ಷಿಣಕ್ಕೆ ತಮಿಳುನಾಡಿನ ಕೊಯಮತ್ತೂರು ಸೀಮೆ. ಪಾಣಿಪತದಲ್ಲಿ ಹಳೇ ಅರಿವೆಯನ್ನು ಹರಿದು, ಹಿಂಜಿ, ಮತ್ತೆ ನೂಲು ತೆಗೆದು ಕಂಬಳಿ ನೇಯುತ್ತಾರೆ. ಜಗತ್ತಿನಲ್ಲಿ ಎಲ್ಲೇ ಭೂಕಂಪ, ಯುದ್ಧ ಆದರೂ ಅಲ್ಲಿಯ ಅಗ್ಗದ ಕಂಬಳಿ ಪರಿಹಾರಕ್ಕೆ ಹೋಗುತ್ತಿತ್ತು. ತಿರುಪ್ಪೂರಿನ ಬನಿಯನ್ ಚೂರುಗಳು ಕೊಯಮತ್ತೂರು ಸೀಮೆಯ ಓಪನ್ ಎಂಡ್ ಗಿರಣಿಗಳಲ್ಲಿ ನೂಲಾಗುತ್ತವೆ.

ನಮ್ಮ ಚಿಂದಿ ಅಷ್ಟು ದೂರ ಹೋಗಬೇಕಾದರೆ ಲಾರಿ ಬಾಡಿಗೆ ಮಾಲಿನ ಬೆಲೆಯನ್ನೇ ತಿನ್ನುತ್ತದೆ. ಅದರಲ್ಲೂ ಪಾಲಿಯೆಸ್ಟರ್, ಹತ್ತಿ ಕೂಡಿದ ಮಿಶ್ರ ಚಿಂದಿ ಯಾರಿಗೂ ಬೇಡ. ಅದು ಕೆಲವೆಡೆ ಒಲೆಗೆ, ಕೆಲವೆಡೆ ನಾಲೆಗೆ. ಮಹಾರಾಷ್ಟ್ರ ಸರಕಾರ 2023-28ರ ಅವಧಿಗೆ ತಂದ ಜವಳಿ ಧೋರಣೆಯ ಹೆಸರಿನಲ್ಲೇ ‘ಸುಸ್ಥಿರ’ ಎಂಬ ಮಾತಿದೆ. ಹೆಸರಿಗೆ ತಕ್ಕ ಕೆಲಸ ಆಗಬೇಕಾದರೆ ಹಿಂಜುವ ಯಂತ್ರ, ಓಪನ್ ಎಂಡ್ ಗಿರಣಿ ಇಲ್ಲೇ ಬರಬೇಕು. ಯಂತ್ರಕ್ಕೆ ಸಹಾಯಧನ ಕೊಟ್ಟರೆ ಅದು ಬಂದೀತು. ಆದರೆ ಆ ನೂಲಿನ ಕಂಬಳಿ, ಚಾದರ, ಜಮಖಾನೆ ಕೊಳ್ಳುವವರು ಯಾರು?

ಇದಕ್ಕೆ ನಮ್ಮಲ್ಲೇ ಉತ್ತರವಿದೆ. ಕರ್ನಾಟಕದಲ್ಲಿ ವಿದ್ಯಾವಿಕಾಸ ಯೋಜನೆಯ ಕೆಳಗೆ ಶಾಲಾ ಮಕ್ಕಳ ಸಮವಸ್ತ್ರದ ಬಟ್ಟೆಯನ್ನು ಕೈಮಗ್ಗ ಅಭಿವೃದ್ಧಿ ನಿಗಮದ ಮೂಲಕ ನೇಕಾರರಿಂದ ಪಡೆಯುವ ಪದ್ಧತಿ ಬಹಳ ವರ್ಷ ನಡೆದುಬಂತು. ಹಬ್ಬದ ಪ್ಯಾಟಿ ಬಿದ್ದರೂ ಸಮವಸ್ತ್ರದ ಬಟ್ಟೆ ನೇಯುವ ಮಗ್ಗ ನಿಲ್ಲಲಿಲ್ಲ. ಅದೇ ರೀತಿ ಹಾಸ್ಟೆಲ್, ದವಾಖಾನೆ, ಮಹಾಪೂರದ ಪರಿಹಾರ ಕೇಂದ್ರ, ಇವುಗಳ ಕಂಬಳಿ-ಚಾದರದಲ್ಲಿ ಇಂತಿಷ್ಟು ಪಾಲು ಮರುಬಳಕೆ ನೂಲಿನದೇ ಇರಬೇಕು ಎಂದು ಎರಡೂ ಸರಕಾರ ಬರೆದರೆ ಸಾಕು. ಇಚಲಕರಂಜಿಯ ವ್ಯಾಪಾರಿಗೆ ಲೆಕ್ಕ ಹೇಳಿಕೊಡುವ ಅಗತ್ಯವಿಲ್ಲ. ಗಿರಣಿ ತಾನೇ ಬರುತ್ತದೆ.

ಕಾಕಂಬಿಗೆ ಬಂದ ಕಾಲ

‘ಸರಕಾರ ಪ್ಯಾಟಿ ಕಟ್ಟಲು ಬರುತ್ತದೇನ್ರಿ? ಅದು ವ್ಯಾಪಾರಸ್ಥರ ಕೆಲಸ’ ಎಂದು ನನ್ನ ಜೊತೆ ವಾದ ಹಾಕುವವರಿದ್ದಾರೆ. ಅವರಿಗೆ ನಾನು ನಮ್ಮ ಕಬ್ಬಿನ ಫಡವನ್ನೇ ತೋರಿಸುತ್ತೇನೆ.

ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ, ಮರಾಠಿಯಲ್ಲಿ ಮಳಿ, ಒಂದು ಕಾಲಕ್ಕೆ ಕಾರಖಾನೆಗೆ ತಲೆನೋವು. ಇಡಲು ಜಾಗವಿಲ್ಲ, ಬಿಟ್ಟರೆ ಹೊಳೆಯ ಮೀನು ಸಾಯುತ್ತಿತ್ತು. 2003ರಲ್ಲಿ ಕೇಂದ್ರ ಸರಕಾರ ಕರ್ನಾಟಕ, ಮಹಾರಾಷ್ಟ್ರ ಸೇರಿ ಒಂಬತ್ತು ರಾಜ್ಯಗಳಲ್ಲಿ ಪೆಟ್ರೋಲಿಗೆ ಶೇ.5 ಎಥೆನಾಲ್ ಕೂಡಿಸುವ ಯೋಜನೆ ತಂದಿತು. ಮೊದಮೊದಲು ದರದ ಜಗಳದಲ್ಲಿ ಅದು ಕುಂಟಿತು. 2014ರ ಕೊನೆಗೆ ಸರಕಾರವೇ ದರ ನಿಗದಿ ಮಾಡಿತು. 2018ರಲ್ಲಿ ಜೈವಿಕ ಇಂಧನ ಧೋರಣೆ ಬಂತು. 2022ರ ಜೂನ್ ಹೊತ್ತಿಗೆ ಶೇ.10 ಮುಟ್ಟಿತು, 2025ರಲ್ಲಿ ಶೇ.20. ಇಂದು ಎಥೆನಾಲ್ ಇಲ್ಲದ ಸಕ್ಕರೆ ಕಾರಖಾನೆಯ ಜಮಾಖರ್ಚು ಊಹಿಸಲಿಕ್ಕೂ ಬರುವುದಿಲ್ಲ. ತಿಪ್ಪೆ ಹೋಗಿ ಉಪ್ಪರಿಗೆ ಆಯಿತು ಅನ್ನೋ ಗಾದೆ ಇಲ್ಲಿ ಖರೆ ಆಯಿತು.

ಸರಕಾರ ಮಾಡಿದ್ದೇನು? ಕೊಳ್ಳುವವನನ್ನು ಗೊತ್ತು ಮಾಡಿತು, ತೈಲ ಕಂಪನಿಗಳು. ದರ ಮೊದಲೇ ಹೇಳಿತು. ಮಾಲಿನ ಗುಣ ಇಂಥದ್ದು ಎಂದು ಬರೆಯಿತು. ಇಂಥ ವರ್ಷಕ್ಕೆ ಇಷ್ಟು ಎಂದು ಮುಂಗಡ ತಿಳಿಸಿತು. ಈ ನಾಲ್ಕು ಕಂಬದ ಮೇಲೆ ಪ್ಯಾಟಿ ನಿಂತಿತು.

ಒಂದು ಎಚ್ಚರಿಕೆಯ ಮಾತೂ ಇದೇ ಕತೆಯಲ್ಲಿದೆ. ಮಳೆ ಕಡಿಮೆಯಾಗಿ ಸಕ್ಕರೆ ಕೊರತೆಯ ಭಯ ಬಂದಾಗ 2023ರ ಡಿಸೆಂಬರ್ 7ರಂದು ಕಬ್ಬಿನ ರಸದಿಂದ ಎಥೆನಾಲ್ ತೆಗೆಯುವುದಕ್ಕೆ ಕೇಂದ್ರ ಒಮ್ಮೆಲೆ ತಡೆ ಹಾಕಿತು. ಸಾಲ ತಂದು ಘಟಕ ಕಟ್ಟಿದ ಸಹಕಾರಿ ಕಾರಖಾನೆಗಳು ಕಂಗಾಲಾದವು. ಮುಂದೆ ತಡೆ ಸಡಿಲಾಯಿತು, ಆದರೆ ಸಾಲದ ಬಡ್ಡಿಗೆ ತಡೆ ಇರಲಿಲ್ಲ. ಪ್ಯಾಟಿ ಕಟ್ಟಿದ ಕೈಯೇ ನಡುವೆ ಕೈ ಎತ್ತಬಾರದು. ಮರುಬಳಕೆಯ ಮಾಲಿಗೂ ಈ ಮಾತು ಅಷ್ಟೇ ಖರೆ.

ಗೊಬ್ಬರದ ಚೀಲದಲ್ಲಿ ಗಾಜು

ಈಗ ಗಡಹಿಂಗ್ಲಜದ ಕಡೆಯ ರೈತನ ಮಾತು. ಪಟ್ಟಣದ ಹಸಿಕಸದಿಂದ ಮಾಡಿದ ಕಾಂಪೋಸ್ಟಿಗೆ ರೈತನೇ ಗಿರಾಕಿ. ಇದು ಹೊಸ ಯೋಚನೆ ಅಲ್ಲ. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಬೆಂಗಳೂರಿನಲ್ಲಿ 1975ರಲ್ಲೇ ಹುಟ್ಟಿತು. 2016ರ ಘನತ್ಯಾಜ್ಯ ನಿಯಮದಲ್ಲಿ ರಸಗೊಬ್ಬರ ಮಾರುವವರು 6-7 ಚೀಲ ರಸಗೊಬ್ಬರದ ಜೊತೆ 3-4 ಚೀಲ ಪಟ್ಟಣದ ಕಾಂಪೋಸ್ಟ್ ಮಾರುವಂತೆ ನೋಡಿಕೊಳ್ಳಬೇಕು ಎಂದು ಬರೆದರು. ಅದೇ ವರ್ಷ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಇಂಥ ಕಾಂಪೋಸ್ಟಿಗೆ ಟನ್ನಿಗೆ 1,500 ರೂಪಾಯಿ ಮಾರುಕಟ್ಟೆ ನೆರವು ಮಂಜೂರು ಮಾಡಿತ್ತು. ಮಹಾರಾಷ್ಟ್ರ ಸರಕಾರ ತನ್ನ ಪಟ್ಟಣಗಳ ಕಾಂಪೋಸ್ಟಿಗೆ ‘ಹರಿತ ಮಹಾಸಿಟಿ ಕಂಪೋಸ್ಟ್’ ಎಂದು ಒಂದೇ ಹೆಸರು, ಒಂದೇ ಮುದ್ರೆ ತಂದಿತು. 2023ರ ಜೂನಿನಲ್ಲಿ ಗೋಬರಧನ ಘಟಕಗಳ ಗೊಬ್ಬರಕ್ಕೂ ಕೇಂದ್ರ ಟನ್ನಿಗೆ 1,500 ರೂಪಾಯಿಯ ನೆರವು ಒಪ್ಪಿತು.

ಇಷ್ಟೆಲ್ಲ ಇದ್ದೂ ನಮ್ಮ ರೈತ ಯಾಕೆ ಹಿಂದೇಟು ಹಾಕುತ್ತಾನೆ? ನನ್ನದೇ ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಕಡೆಯಿಂದ, ಹೆಸರು ಬ್ಯಾಡ, ಒಂದು ಟ್ರ್ಯಾಲಿ ಪಟ್ಟಣದ ಗೊಬ್ಬರ ತರಿಸಿ ಕಬ್ಬಿನ ಸಾಲಿಗೆ ಹಾಕಿದೆ. ಅಗ್ಗದ ದರ ನೋಡಿ ಮನಸ್ಸು ಕುಣಿದಿತ್ತು. ಕಳೆ ತೆಗೆಯಲು ಬಂದ ಹೆಣ್ಣುಮಗಳ ಪಾದದಲ್ಲಿ ಗಾಜಿನ ಚೂರು ಹೊಕ್ಕಿತು. ಮಣ್ಣು ಕೆದರಿ ನೋಡಿದರೆ ಬ್ಲೇಡು, ಬಾಟಲಿಯ ಮುಚ್ಚಳ, ಪ್ಲಾಸ್ಟಿಕ್ ಚೂರು. ಆಕೆಯ ದವಾಖಾನೆ ಖರ್ಚು ಕೊಟ್ಟೆ, ಎಂಟು ದಿನದ ಪಗಾರ ಕೊಟ್ಟೆ. ಆದರೆ ಆಕೆ ಮತ್ತೆ ನಮ್ಮ ಆ ಹೊಲಕ್ಕೆ ಕಾಲಿಡಲಿಲ್ಲ. ಆ ಸುದ್ದಿ ಊರಲ್ಲಿ ಹಬ್ಬಿದ ಮೇಲೆ ಎಷ್ಟು ನೆರವು ಕೊಟ್ಟರೂ ಆ ಗೊಬ್ಬರವನ್ನು ನಮ್ಮೂರಲ್ಲಿ ಮಾರಲು ಬರಲಿಲ್ಲ.

ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಪಟ್ಟಣದ ಕಾಂಪೋಸ್ಟಿಗೆ ಅಳತೆ ಹೇಳಿದೆ. ಶೇ.90ರಷ್ಟು ಮಾಲು 4 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕು, ಸೀಸ, ಪಾದರಸದಂಥ ಲೋಹ ಇಂತಿಷ್ಟಕ್ಕಿಂತ ಹೆಚ್ಚು ಇರಬಾರದು. ಅಳತೆ ಇದೆ, ಅಳೆದು ತೋರಿಸುವವರು ಬೇಕು. ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡಿ ಚೀಟಿ ಕೊಡುವ ಹಾಗೆ, ತಾಲೂಕಿಗೊಂದು ಕಡೆ ಗೊಬ್ಬರದ ಲಾಟು ಪರೀಕ್ಷೆ ಮಾಡಿ ಚೀಲದ ಮೇಲೆ ಚೀಟಿ ಹಚ್ಚಿದರೆ ರೈತ ನಂಬುತ್ತಾನೆ. ನಂಬಿಕೆಯೇ ಪ್ಯಾಟಿಯ ಬಂಡವಾಳ.

ರೈತ ಗಿರಾಕಿಯಷ್ಟೇ ಅಲ್ಲ, ಕಸ ಹುಟ್ಟಿಸುವವನೂ ಹೌದು. ಅದನ್ನು ಮುಚ್ಚಿಡುವುದು ಬೇಡ. ನಮ್ಮ ಕಬ್ಬಿನ ಡ್ರಿಪ್ ಪೈಪು ಕೆಲವು ವರ್ಷಕ್ಕೆ ಹಾಳಾಗುತ್ತದೆ. ಗಾಡಿಯವನು ಕೊಟ್ಟಷ್ಟಕ್ಕೆ ಕೊಡುತ್ತೇವೆ. ಮೆಣಸಿನಕಾಯಿ, ಟೊಮೆಟೊ ಹೊಲದ ಮಲ್ಚಿಂಗ್ ಹಾಳೆಗೆ ಮಣ್ಣು ಹತ್ತಿರುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ. ಬದುವಿನಲ್ಲಿ ಬೆಂಕಿ ಹಚ್ಚುತ್ತೇವೆ. ಡ್ರಿಪ್ಪಿಗೆ ಸರಕಾರ ಸಹಾಯಧನ ಕೊಡುತ್ತದೆ. ಅದೇ ಅರ್ಜಿಯಲ್ಲಿ ಇನ್ನೊಂದು ಸಾಲು ಬರೆದರೆ ಆಯಿತು: ಹಳೇ ಪೈಪನ್ನು ಕಂಪನಿಯ ಡೀಲರನೇ ತೂಕ ಮಾಡಿ ತಿರುಗಿ ಪಡೆಯಬೇಕು, ಆ ಮೊತ್ತವನ್ನು ಹೊಸ ಪೈಪಿನ ಬಿಲ್ಲಿನಲ್ಲಿ ಕಳೆಯಬೇಕು. ಖಜಾನೆಗೆ ದೊಡ್ಡ ಭಾರವಿಲ್ಲ, ಕಾರಖಾನೆಗೆ ಒಂದೇ ಜಾತಿಯ ಸ್ವಚ್ಛ ಮಾಲು ಸಿಗುತ್ತದೆ.

ಕಾಯದೆಯಿಂದ ಟೆಂಡರಿನ ತನಕ

ನಾನು ಎಸ್ಸೆಸ್ಸೆಲ್ಸಿ ತನಕ ಓದಿದವ, ಕಾಯದೆ ಪಂಡಿತನಲ್ಲ. ಆದರೂ ಓದಿ ನೋಡಿದರೆ ಬೇಕಾದ ಮಾತು ಬಹಳಷ್ಟು ಕಾಗದದ ಮೇಲೆ ಆಗಲೇ ಬಂದಿದೆ. 2016ರ ಮಾರ್ಚ್ 29ರಂದು ಬಂದ ಕಟ್ಟಡ ಮತ್ತು ಕೆಡವಿದ ತ್ಯಾಜ್ಯದ ನಿಯಮದಲ್ಲಿ, ಅಂಥ ತ್ಯಾಜ್ಯದಿಂದ ಮಾಡಿದ ಮಾಲನ್ನು ಸರಕಾರಿ ಮತ್ತು ನಗರಸಭೆ ಗುತ್ತಿಗೆಗಳಲ್ಲಿ ಶೇ.10ರಿಂದ 20ರಷ್ಟು ಕಡ್ಡಾಯ ಮಾಡುವ ಹೊಣೆಯನ್ನು ರಾಜ್ಯ ಸರಕಾರಕ್ಕೇ ವಹಿಸಿದ್ದರು. ಅದೇ ವರ್ಷ ಭಾರತೀಯ ಮಾನಕದಲ್ಲಿ ಕಡಿಯ ಅಳತೆ ತಿದ್ದಿ, ಕೆಡವಿದ ಕಟ್ಟಡದ ಕಡಿಯನ್ನೂ ಕಾಂಕ್ರೀಟಿನಲ್ಲಿ ಇಂತಿಷ್ಟು ಬಳಸಬಹುದು ಎಂದು ಒಪ್ಪಿದರು.

ರಸ್ತೆಯ ಮಾತೂ ಹಾಗೇ. ಬೆಂಗಳೂರಿನಲ್ಲಿ 2002ರ ಹೊತ್ತಿಗೇ ಡಾಂಬರಿಗೆ ಪ್ಲಾಸ್ಟಿಕ್ ಕೂಡಿಸಿ ರಸ್ತೆ ಮಾಡಿ ನೋಡಿದ್ದರು. ಮದುರೆಯ ಪ್ರಾಧ್ಯಾಪಕ ಆರ್. ವಾಸುದೇವನ್ ಅವರಿಗೆ ಈ ಕೆಲಸಕ್ಕಾಗಿಯೇ 2018ರಲ್ಲಿ ಪದ್ಮಶ್ರೀ ಬಂತು. 2015ರ ನವೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಇಲಾಖೆ, 5 ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರದ ಸುತ್ತ 50 ಕಿಲೋಮೀಟರ್ ಒಳಗಿನ ರಾಷ್ಟ್ರೀಯ ಹೆದ್ದಾರಿಗಳ ಡಾಂಬರಿನಲ್ಲಿ ತ್ಯಾಜ್ಯ ಪ್ಲಾಸ್ಟಿಕ್ ಬಳಸಬೇಕೆಂದು ಹೇಳಿತು. 2011ರ ಜನಗಣತಿಯಲ್ಲಿ ಕೊಲ್ಲಾಪುರದ ಜನಸಂಖ್ಯೆ 5.49 ಲಕ್ಷ. ಅಂದರೆ ಕಾಗಲ ಅಷ್ಟೇ ಅಲ್ಲ, ನಮ್ಮ ನಿಪ್ಪಾಣಿಯೂ ಆ ಸುತ್ತಳತೆಯಲ್ಲಿ ಬರುತ್ತದೆ.

ಮಾತು ಕಾಯದೆಯಿಂದ ರಸ್ತೆಗೆ ಇಳಿಯುವುದು ಎಲ್ಲಿ? ಗುತ್ತಿಗೆದಾರರನ್ನು ಕೇಳಿರಿ, ಅವರು ತೋರಿಸುವುದು ಎಸ್.ಆರ್. ಪುಸ್ತಕ. ಲೋಕೋಪಯೋಗಿ ಇಲಾಖೆಯ ದರಪಟ್ಟಿ. ಅದರಲ್ಲಿ ಐಟಂ ಇದ್ದರೆ ಅಂದಾಜು ಪತ್ರಿಕೆಯಲ್ಲಿ ಬರುತ್ತದೆ, ಅಂದಾಜಿನಲ್ಲಿದ್ದರೆ ಟೆಂಡರಿನಲ್ಲಿ, ಟೆಂಡರಿನಲ್ಲಿದ್ದರೆ ಬಿಲ್ಲಿನಲ್ಲಿ. ಪುಸ್ತಕದಲ್ಲಿ ಇಲ್ಲದ ಮಾಲು ಹಾಕಿ ನಾಳೆ ಲೆಕ್ಕ ತಪಾಸಣೆಯಲ್ಲಿ ಸಿಕ್ಕಿಬೀಳಲು ಯಾವ ಎಂಜಿನಿಯರನೂ ತಯಾರಿಲ್ಲ. ಅವನ ತಪ್ಪೂ ಅಲ್ಲ. ಹಾಗಾಗಿ ಮಂತ್ರಿಗಳ ಭಾಷಣಕ್ಕಿಂತ ದರಪಟ್ಟಿಯ ಒಂದು ಸಾಲಿಗೆ ಹೆಚ್ಚು ಬಲ.

ನಮ್ಮ ಸರಕಾರಗಳಿಗೆ ‘ಬ್ಯಾಡ’ ಅನ್ನುವುದು ಸಲೀಸು. ಕರ್ನಾಟಕ 2016ರ ಮಾರ್ಚಿನಲ್ಲಿ, ಮಹಾರಾಷ್ಟ್ರ 2018ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ನಿಷೇಧಿಸಿದವು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ಕಿಗೆ ದೇಶಕ್ಕೆಲ್ಲ ನಿಷೇಧ. ಬ್ಯಾಡ ಅನ್ನುವುದರ ಜೊತೆಗೆ ‘ಇದನ್ನು ನಾನು ಕೊಳ್ಳುತ್ತೇನೆ’ ಅನ್ನುವ ಮಾತೂ ಬರಬೇಕು. ಅಮೆರಿಕದಲ್ಲಿ ಅಧ್ಯಕ್ಷ ಕ್ಲಿಂಟನ್ ಅವರು 1993ರಲ್ಲಿ ಒಂದು ಆದೇಶ ಹೊರಡಿಸಿ, ಸರಕಾರಿ ಕಚೇರಿಗಳು ಕೊಳ್ಳುವ ಬರವಣಿಗೆಯ ಕಾಗದದಲ್ಲಿ 1994ರ ಕೊನೆಯಿಂದ ಶೇ.20, 1998ರ ಕೊನೆಯಿಂದ ಶೇ.30 ಬಳಸಿದ ಕಾಗದದ ಪಾಲು ಇರಬೇಕೆಂದರು. ಅಷ್ಟು ದೊಡ್ಡ ಗಿರಾಕಿ ಬಾಗಿಲಿಗೆ ಬಂದು ನಿಂತರೆ ಯಾವ ಕಾಗದದ ಗಿರಣಿ ಇಲ್ಲ ಅಂದೀತು? ಆ ದೇಶದ ಕ್ಯಾಲಿಫೋರ್ನಿಯ ರಾಜ್ಯವಂತೂ ಮರುಬಳಕೆ ಮಾಲಿನಿಂದ ಸರಕು ಮಾಡುವವರಿಗೆಂದೇ ವಲಯ ಗುರುತಿಸಿ ಅಗ್ಗದ ಬಡ್ಡಿಯ ಸಾಲ ಕೊಟ್ಟಿತು.

ಸರಕಾರ ಏನು ಮಾಡಬಹುದು?

ಮೊದಲನೆಯದು, ಮೇಲೆ ಹೇಳಿದ ದರಪಟ್ಟಿ. ಕೆಡವಿದ ಕಟ್ಟಡದ ಕಡಿ, ಫೌಂಡ್ರಿ ಉಸುಕಿನ ಬ್ಲಾಕು, ಪ್ಲಾಸ್ಟಿಕ್ ಡಾಂಬರು, ಮರುಬಳಕೆ ನೂಲಿನ ಕಂಬಳಿ, ಪರೀಕ್ಷೆಯಾದ ಕಾಂಪೋಸ್ಟ್. ಈ ಐದಕ್ಕೆ ಅಳತೆ, ದರ, ಕನಿಷ್ಠ ಪಾಲು ಬರೆಯಬೇಕು. ಐದು ವರ್ಷ ಬದಲಿಸುವುದಿಲ್ಲ ಎಂಬ ಮಾತು ಕೊಡಬೇಕು.

ಎರಡನೆಯದು, ಪ್ಯಾಟಿಯ ಅಂಗಳ. ರೈತನಿಗೆ ಎ.ಪಿ.ಎಂ.ಸಿ. ಇದೆ. ಗಡಹಿಂಗ್ಲಜದಲ್ಲಿ ಮೆಣಸಿನಕಾಯಿ ತಂದರೆ ಸವಾಲು ಕೂಗುತ್ತಾರೆ, ಸರಿಯಾದ ತೂಕ ಆಗುತ್ತದೆ, ದರ ನಾಲ್ಕು ಮಂದಿಗೆ ಕೇಳಿಸುತ್ತದೆ. ಭಂಗಾರದವನಿಗೆ ಏನಿದೆ? ಅವನ ತಕ್ಕಡಿಯ ಮೇಲೆ ನಮಗೆ ಸಂಶಯ, ದುಕಾನದವನ ದರದ ಮೇಲೆ ಅವನಿಗೆ ಸಂಶಯ. ತಾಲೂಕಿಗೊಂದು ಮೋಡಕಾ ಅಂಗಳ ಬೇಕು. ತೂಕದ ಕಾಟಾ, ಒತ್ತಿ ಗಂಟು ಕಟ್ಟುವ ಯಂತ್ರ, ದಿನದ ದರ ಬರೆಯುವ ಹಲಗೆ, ದರ ಬಿದ್ದಾಗ ಮಾಲು ಇಡಲು ಗೋದಾಮು. ಕರ್ನಾಟಕ 2014ರಲ್ಲೇ ಕೃಷಿ ಮಾಲಿಗೆ ಏಕೀಕೃತ ಆನ್‌ಲೈನ್ ಪ್ಯಾಟಿ ಕಟ್ಟಿ, ಎರಡು ವರ್ಷದ ಮೇಲೆ ಬಂದ ಇ-ನಾಮ್‌ಗೆ ದಾರಿ ತೋರಿಸಿದ ರಾಜ್ಯ. ಹುಳಿಗೆ, ಹೆಸರಿಗೆ ಮಾಡಿದ್ದನ್ನು ರಟ್ಟಿಗೆ, ಚಿಂದಿಗೆ ಮಾಡಲು ಬಾರದೇ?

ಮೂರನೆಯದು, ಮಾಲು ಕೂಡಿಸುವುದು. ಒಂದು ಗ್ರಾಮ ಪಂಚಾಯತಿಯ ಒಣಕಸಕ್ಕೆ ಯಾವ ಕಾರಖಾನೆಯೂ ಲಾರಿ ಕಳಿಸುವುದಿಲ್ಲ. ಉಡುಪಿ ಜಿಲ್ಲೆ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹತ್ತಾರು ಪಂಚಾಯತಿಗಳ ಒಣಕಸ ಒಂದೆಡೆ ತಂದು, ದಿನಕ್ಕೆ 10 ಟನ್ ವಿಂಗಡಿಸುವ ಘಟಕ ಮಾಡಿದರು. ಲಾರಿ ತುಂಬ ಮಾಲು ಇದ್ದರೆ ದರ ಕೇಳುವ ಬಾಯಿ ಬರುತ್ತದೆ. ಇದು ಹಾಲಿನ ಸಂಘದ ಲೆಕ್ಕವೇ. ಗಡಹಿಂಗ್ಲಜ-ಸಂಕೇಶ್ವರ, ಇಚಲಕರಂಜಿ-ಬೋರಗಾಂವ ಹೀಗೆ ಗಡಿಯ ಎರಡೂ ಬದಿಯ ಊರು ಕೂಡಿ ಮಾಡಿದರೆ ಇನ್ನೂ ಒಳ್ಳೆಯದು.

ನಾಲ್ಕನೆಯದು, ತೆರಿಗೆ. ಪ್ಲಾಸ್ಟಿಕ್ ಚೂರಿನ ಮೇಲೆ ಶೇ.5 ಇದ್ದ ಜಿ.ಎಸ್.ಟಿ. 2021ರ ಅಕ್ಟೋಬರ್ 1ರಿಂದ ಶೇ.18 ಆಯಿತು. ಲೋಹದ ಮೋಡಕಾವನ್ನು ನೋಂದಣಿ ಇಲ್ಲದವನಿಂದ ಕೊಂಡರೆ ತೆರಿಗೆ ಕಟ್ಟುವ ಹೊಣೆ ಕೊಳ್ಳುವವನದೇ ಎಂದು 2024ರ ಅಕ್ಟೋಬರ್ 10ರಿಂದ ನಿಯಮ ಬಂತು. ಕಳ್ಳ ಬಿಲ್ಲು ತಡೆಯುವ ಉದ್ದೇಶ ಸರಿ. ಆದರೆ ಒಮ್ಮೆ ತೆರಿಗೆ ಕಟ್ಟಿ ಬಳಸಿದ ವಸ್ತು ಕಸವಾದ ಮೇಲೆ ಮತ್ತೆ ಅಷ್ಟೇ ತೆರಿಗೆ ಹೊತ್ತರೆ, ಚಿಕ್ಕ ವ್ಯಾಪಾರಿ ಬಿಲ್ಲಿಲ್ಲದ ದಾರಿಯನ್ನೇ ಹಿಡಿಯುತ್ತಾನೆ. ಜಿ.ಎಸ್.ಟಿ. ಮಂಡಳಿಯಲ್ಲಿ ಎರಡೂ ರಾಜ್ಯಕ್ಕೆ ಮತ ಇದೆ. ಗಡಿಯ ವಾದ ಕೋರ್ಟಿನಲ್ಲಿ ನಡೆಯಲಿ, ಈ ವಿಷಯದಲ್ಲಿ ಇಬ್ಬರೂ ಒಂದೇ ಬಾಯಿಂದ ಮಾತಾಡಲು ಯಾವ ಅಡ್ಡಿಯೂ ಇಲ್ಲ.

ಸುಳ್ಳು ಚೀಟಿಯ ಭಯ

ಕಡ್ಡಾಯ ಮಾಡಿದರೆ ಸಾಕು, ಪ್ಯಾಟಿ ಬೆಳೆಯುತ್ತದೆ ಎಂದು ನಂಬುವಂತಿಲ್ಲ. 2022ರ ಫೆಬ್ರುವರಿಯಲ್ಲಿ ಕೇಂದ್ರ ತಂದ ಮಾರ್ಗಸೂಚಿಯಲ್ಲಿ ಪ್ಲಾಸ್ಟಿಕ್ ಪ್ಯಾಕಿಂಗ್ ಮಾಡುವ ಕಂಪನಿಗಳು ಅಷ್ಟೇ ತೂಕದ ಪ್ಲಾಸ್ಟಿಕ್ ಮರುಬಳಕೆ ಆಗಿದೆ ಎಂಬ ಪ್ರಮಾಣಪತ್ರ ಕೊಳ್ಳಬೇಕೆಂದಿತು. ಗಟ್ಟಿ ಪ್ಯಾಕಿಂಗಿನಲ್ಲಿ 2025-26ಕ್ಕೆ ಶೇ.30, 2028-29ಕ್ಕೆ ಶೇ.60 ಮರುಬಳಕೆ ಮಾಲು ಇರಬೇಕೆಂದೂ ಗುರಿ ಬರೆಯಿತು. ವಿಚಾರ ಒಳ್ಳೆಯದು. ಆದರೆ 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ಮಾಡಿದಾಗ 6 ಲಕ್ಷಕ್ಕೂ ಹೆಚ್ಚು ಸುಳ್ಳು ಪ್ರಮಾಣಪತ್ರ ಸಿಕ್ಕವು. ಅವನ್ನು ಹುಟ್ಟಿಸಿದ ಘಟಕಗಳು ಗುಜರಾತ, ಮಹಾರಾಷ್ಟ್ರ, ಕರ್ನಾಟಕದವು. ಮಾಲು ಹುಟ್ಟದೆಯೇ ಚೀಟಿ ಹುಟ್ಟಿತು!

ಆದ್ದರಿಂದ ಕಾಟಾದ ಮೇಲೆ ತೂಗಿದ ಮಾಲಿಗಷ್ಟೇ ದುಡ್ಡು ಎಂಬ ರೂಢಿ ಬೇಕು. ಕಬ್ಬಿನ ಕಾಟಾದಲ್ಲಿ ಕಾರಖಾನೆ ಮೋಸ ಮಾಡಿತು ಎಂದು ಬೀದಿಗೆ ಇಳಿಯುವ ನಾವು, ಈ ಕಾಟಾವನ್ನೂ ಕಾಯಬೇಕು. ತೂಕ, ದರ, ಕೊಟ್ಟವನ ಹೆಸರು ಹಲಗೆಯ ಮೇಲೆ ಬರಲಿ. ಬೆಳಕಿದ್ದಲ್ಲಿ ಕಳ್ಳನಿಗೆ ಕೆಲಸ ಕಡಿಮೆ.

ಕೊನೆಯದಾಗಿ ಆರಿಸುವ ಕೈಗಳ ಮಾತು. ದರ ಏರಿದ ಕೂಡಲೇ ದೊಡ್ಡ ಗುತ್ತಿಗೆದಾರ ಬಂದು, ಇಷ್ಟು ದಿನ ಉಕಿರಡೆಯಲ್ಲಿ ಕೈ ಹಾಕಿ ಬದುಕಿದ ಹೆಣ್ಣುಮಕ್ಕಳನ್ನು ಹೊರಗೆ ದೂಡುವುದನ್ನು ಎಷ್ಟೋ ಊರಲ್ಲಿ ನೋಡಿದ್ದೇವೆ. ಪುಣೆಯಲ್ಲಿ ಕಸ ಆರಿಸುವವರೇ ಸೇರಿ ‘ಸ್ವಚ್ಛ್’ ಎಂಬ ಸಹಕಾರಿ ಸಂಘ ಕಟ್ಟಿ ಮಹಾನಗರ ಪಾಲಿಕೆಯ ಜೊತೆ ಕರಾರು ಮಾಡಿಕೊಂಡರು. ಬೆಂಗಳೂರಿನಲ್ಲಿ ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಟ್ಟಿತು. ಸಹಕಾರಿ ಕಾರಖಾನೆ, ಸಹಕಾರಿ ಡೇರಿ, ಸಹಕಾರಿ ನೂಲಿನ ಗಿರಣಿ ಕಟ್ಟಿದ ಕೊಲ್ಲಾಪುರ ಜಿಲ್ಲೆಗೆ, ಬೆಳಗಾವಿ ಜಿಲ್ಲೆಗೆ ಇನ್ನೊಂದು ಸಂಘ ಭಾರವೇನಲ್ಲ.

ನಾವು ಮಾಡಬೇಕಾದ್ದೂ ಇದೆ. ಮುಂದಿನ ಗ್ರಾಮಸಭೆಯಲ್ಲಿ ಒಬ್ಬರಾದರೂ ಎದ್ದು ಕೇಳಿರಿ: ನಮ್ಮೂರ ರಸ್ತೆಯ ಅಂದಾಜಿನಲ್ಲಿ ಮರುಬಳಕೆ ಮಾಲಿನ ಸಾಲು ಯಾಕಿಲ್ಲ? ಗೊಬ್ಬರದ ಅಂಗಡಿಯಲ್ಲಿ ಕೇಳಿರಿ: ಕಾಂಪೋಸ್ಟಿನ ಪರೀಕ್ಷೆ ಚೀಟಿ ಎಲ್ಲಿ? ವ್ಯಾಪಾರಸ್ಥರು ತಮ್ಮ ಸಂಘದಿಂದ ಒಂದು ಅರ್ಜಿ ಬರೆಯಲಿ, ಮರಾಠಿಯಲ್ಲಿ ಒಂದು, ಕನ್ನಡದಲ್ಲಿ ಒಂದು.

ಮೊನ್ನೆ ತಳ್ಳುಗಾಡಿಯವನು ಮತ್ತೆ ಬಂದಿದ್ದ. ಸೊಸೆಗೆ ಈಗ ಮಾತು ಬಂದಿದೆ. ಹಳೇ ಡ್ರಿಪ್ ಪೈಪು ತೂಗಿಸಿ, ದರಕ್ಕಾಗಿ ಜಗ್ಗಾಡಿ ದುಡ್ಡು ಎಣಿಸಿಕೊಂಡಳು. ಆಮೇಲೆ ಮಲ್ಚಿಂಗ್ ಹಾಳೆಯ ಗಂಟು ತೋರಿಸಿ, ‘ಇದು?’ ಅಂದಳು. ಅವ ತಲೆ ಅಲ್ಲಾಡಿಸಿ ಗಾಡಿ ಮುಂದೆ ತಳ್ಳಿದ. ಗಂಟು ಇನ್ನೂ ಹಿತ್ತಲಲ್ಲೇ ಬಿದ್ದಿದೆ. ಬೆಂಕಿ ಹಚ್ಚಬ್ಯಾಡ ಅಂತ ಹೇಳಿ ಇಟ್ಟೇನಿ. ಎಷ್ಟು ದಿನ ಇಡಬೇಕು ಅನ್ನೋದನ್ನ ಸರಕಾರ ಹೇಳಬೇಕು.